ಹೆಸರುಕಾಳಿನ ಮೊಳಕೆ: ಒಂದು ಪಾತ್ರೆಯಲ್ಲಿ ದಪ್ಪ ಗಿಡ್ಡ, ಇನ್ನೊಂದರಲ್ಲಿ ಸಣಕಲು ಉದ್ದ. ಯಾಕೆ?

ಸುಮಾ_ಬಾಲ್ಕನಿ (ಬೆಂಗಳೂರು)

ವಾರಕ್ಕೊಮ್ಮೆ ಹೆಸರುಕಾಳು ಮೊಳಕೆ ಬರಿಸುವುದು ನಮ್ಮ ಮನೆಯ ರೂಢಿ. ಈ ಸಲ ನಾನು ಊರಿಗೆ ಹೋಗಿದ್ದೆ. ನಾಲ್ಕು ದಿನ ಅತ್ತೆಯೇ ನೀರು ಚಿಮುಕಿಸಿದರು. ಕಾಳು ಜಾಸ್ತಿ ನೆನೆಸಿಬಿಟ್ಟಿದ್ದರಿಂದ ಎರಡು ತೂತಿನ ಪಾತ್ರೆಗಳಿಗೆ ಹಂಚಿ, ಒದ್ದೆ ಬಟ್ಟೆ ಮುಚ್ಚಿ, ಸಿಂಕ್ ಕೆಳಗಿನ ಕತ್ತಲೆಯಲ್ಲಿ ಇಟ್ಟಿದ್ದಾರೆ. ಇಲಿ ಬಾಯಿ ಹಾಕಬಾರದು ಅಂತ ಒಂದರ ಮೇಲೆ ತಟ್ಟೆ ಇಟ್ಟು ಕಲ್ಲಿನ ಕುಟ್ಟಾಣಿ ಹೇರಿದ್ದಾರೆ. ಇನ್ನೊಂದಕ್ಕೆ ಭಾರ ಏನೂ ಸಿಗಲಿಲ್ಲವಂತೆ, ಬೆತ್ತದ ಬುಟ್ಟಿ ಬೋರಲು ಹಾಕಿದ್ದಾರೆ.

ಬುಟ್ಟಿಯ ಕೆಳಗಿನವು ನೂಲಿನ ಹಾಗೆ ಸಣ್ಣಗೆ, ನಾಲ್ಕು ಬೆರಳು ಉದ್ದ. ಕುಟ್ಟಾಣಿ ಕೆಳಗಿನವು ಅದರ ಅರ್ಧವೂ ಇಲ್ಲ, ಆದರೆ ದಪ್ಪ. ಕಚ್ಚಿದರೆ ಕಟಕ್ ಅನ್ನುತ್ತವೆ. ಎರಡರಲ್ಲೂ ತಲೆ ಮಾತ್ರ ಕೊಡೆ ಹಿಡಿಕೆಯ ಹಾಗೆ ಬಾಗಿದೆ. ಒಂದೇ ಕಾಳು, ಒಂದೇ ನೀರು. ಯಾಕೆ ಹೀಗೆ?

ಕೂರಿಗೆ (ಧಾರವಾಡ ಕಡೆ)

ತಲೆ ಮೇಲೆ ಕಲ್ಲು ಹೇರಿದರೆ ಗಿಡ್ಡ ಆಗದೆ ಇನ್ನೇನು ಆಗ್ತದರೀ ಅಕ್ಕಾರ? :)

ಹಳೇಮೇಷ್ಟ್ರು (ಮೈಸೂರು)

ಕೂರಿಗೆಯವರೇ, ಕಲ್ಲು ಒತ್ತಿದ್ದು ನಿಜ. ಆದರೆ ಒತ್ತಿದ್ದಕ್ಕೆ ಕಾಳು ಚಪ್ಪಟೆಯಾಗಿಲ್ಲವಲ್ಲ! ಗಿಡ್ಡ ಆಗಿದೆ, ಜೊತೆಗೆ ದಪ್ಪವೂ ಆಗಿದೆ. ಅದು ಮೊಳಕೆ ತಾನೇ ಮಾಡಿಕೊಂಡ ಬದಲಾವಣೆ.

ಒತ್ತಡ ಬಿದ್ದಾಗ ಮೊಳಕೆ ಎಥಿಲೀನ್ ಅನ್ನುವ ಅನಿಲವನ್ನು ಹೆಚ್ಚು ಬಿಡುತ್ತದೆ. ಬಾಳೆಹಣ್ಣು ಹಣ್ಣಾಗುವಾಗ ಬಿಡುವುದೂ ಇದನ್ನೇ. ಮೊಳಕೆಯ ಪಾಲಿಗೆ ಅದು "ಮೇಲೆ ಹೆಂಟೆ ಇದೆ, ಹುಷಾರು" ಅನ್ನುವ ಸುದ್ದಿ. ಉದ್ದ ಬೆಳೆಯುವುದನ್ನು ಕಡಿಮೆ ಮಾಡಿ ಅಡ್ಡಕ್ಕೆ ದಪ್ಪವಾಗುತ್ತದೆ. ಕೊಕ್ಕೆಯನ್ನು ಇನ್ನಷ್ಟು ಬಿಗಿಯಾಗಿ ಬಾಗಿಸಿಕೊಳ್ಳುತ್ತದೆ. ಮಣ್ಣನ್ನು ತಳ್ಳಲು ಸಣಕಲು ಕಡ್ಡಿಗಿಂತ ಮೊಂಡು ಗೂಟ ವಾಸಿ, ಅಲ್ವಾ?

ಇದು ಪತ್ತೆಯಾದ ಕಥೆಯೂ ಚೆನ್ನಾಗಿದೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆಲ್ಯುಬೋವ್ ಅನ್ನುವ ಸಂಶೋಧಕ ಕತ್ತಲೆಯಲ್ಲಿ ಬಟಾಣಿ ಮೊಳಕೆ ಬೆಳೆಸುತ್ತಿದ್ದ. ಪ್ರಯೋಗಾಲಯದ ಒಳಗೆ ಬೆಳೆದವು ಗಿಡ್ಡ, ದಪ್ಪ, ಅದೂ ಮೇಲಕ್ಕೆ ಹೋಗದೆ ಅಡ್ಡಡ್ಡ ಬೆಳೆಯುತ್ತಿದ್ದವು. ಹೊರಗಿನ ಗಾಳಿ ಕೊಟ್ಟರೆ ಸರಿಯಾಗುತ್ತಿದ್ದವು. ದೀಪಕ್ಕೆ ಬಳಸುತ್ತಿದ್ದ ಗ್ಯಾಸ್ ಸೋರುತ್ತಿತ್ತು, ಅದರೊಳಗಿನ ಎಥಿಲೀನ್ ಈ ಕೆಲಸ ಮಾಡುತ್ತಿತ್ತು. 1901ರಲ್ಲಿ ಅವನು ಇದನ್ನು ಪ್ರಕಟಿಸಿದ. ಗಿಡ್ಡ, ದಪ್ಪ, ಅಡ್ಡ: ಈ ಮೂರಕ್ಕೆ ಸೇರಿ "ಮೂರು ಪಟ್ಟಿನ ಪ್ರತಿಕ್ರಿಯೆ" ಅಂತ ನಾನು ಪಿಯು ಮಕ್ಕಳಿಗೆ ಹೇಳುತ್ತಿದ್ದೆ.

ಬೇರುಬಿಳಲು (ಸಸ್ಯಶಾಸ್ತ್ರ ಸಂಶೋಧನಾ ವಿದ್ಯಾರ್ಥಿ)

ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ದಪ್ಪ ಆಗುವುದು ಹೇಗೆ ಅಂದರೆ, ಪ್ರತಿ ಜೀವಕೋಶದ ಗೋಡೆಗೂ ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಸೆಲ್ಯುಲೋಸ್ ಎಳೆಗಳು ಸುತ್ತಿರುತ್ತವೆ. ಸುತ್ತಲೂ ಪಟ್ಟಿ ಇದ್ದರೆ ಅಗಲ ಆಗೋಕೆ ದಾರಿ ಇಲ್ಲ, ಉದ್ದಕ್ಕೇ ಹಿಗ್ಗಬೇಕು. ಎಥಿಲೀನ್ ಬಂದಾಗ ಹೊಸ ಎಳೆಗಳು ಉದ್ದುದ್ದ ಬೀಳತೊಡಗುತ್ತವೆ. ಆಗ ಕೋಶ ಹೊಟ್ಟೆ ಬಿಟ್ಟುಕೊಳ್ಳುತ್ತದೆ.

ನೂಡಲ್ಸ್‌ಗೆ ಹಾಕುವ ದಪ್ಪನೆಯ ಬಿಳಿ ಮೊಳಕೆ ನೋಡಿದ್ದೀರಲ್ಲ? ಅದೂ ಹೆಸರುಕಾಳೇ. ಅದನ್ನು ಬೆಳೆಸುವವರು ಬೇಕಂತಲೇ ಭಾರ ಹೇರುತ್ತಾರೆ, ಇಲ್ಲವೇ ಎಥಿಲೀನ್ ಕೊಡುತ್ತಾರೆ. ನಿಮ್ಮ ಅತ್ತೆ ಇಲಿಯ ದೆಸೆಯಿಂದ ಅದೇ ವಿದ್ಯೆ ಮಾಡಿದ್ದಾರೆ.

ಕೂರಿಗೆ

ಎಲ್ಲಾ ಸರಿ. ಆದರೆ ಕಲ್ಲಿನ ಒತ್ತಡಕ್ಕೇ ಹಾಗಾಯಿತೋ, ಅನಿಲದಿಂದ ಆಯಿತೋ ಅಂತ ಹೇಗೆ ಗೊತ್ತಾಗಬೇಕು? ಇಲ್ಲಿ ಎರಡೂ ಒಟ್ಟಿಗೇ ಇವೆ.

ಬೇರುಬಿಳಲು

ಒಳ್ಳೆಯ ಪ್ರಶ್ನೆ. ಭಾರ ಇಲ್ಲದೆ ಬರೀ ಅನಿಲ ಕೊಟ್ಟು ನೋಡಬೇಕು. ಸುಮಾ ಅಕ್ಕ, ಮುಚ್ಚಳ ಇರುವ ಒಂದೇ ಅಳತೆಯ ಮೂರು ಸ್ಟೀಲ್ ಡಬ್ಬಿ ತಗೊಳ್ಳಿ. ಮೂರಕ್ಕೂ ಬಾಯಿ ಬಿಟ್ಟ ಕಾಳು ಅಷ್ಟಷ್ಟೇ ಹಾಕಿ. ಒಂದರಲ್ಲಿ ಸಿಪ್ಪೆ ಮೇಲೆ ಚುಕ್ಕೆ ಬಿದ್ದ ಬಾಳೆಹಣ್ಣು, ಒಂದರಲ್ಲಿ ಹಸಿ ಬಾಳೆಕಾಯಿ, ಒಂದರಲ್ಲಿ ಏನೂ ಬೇಡ. ಹಸಿ ಕಾಯಿ ಯಾಕೆ ಅಂದರೆ, ಅದೂ ಉಸಿರಾಡುತ್ತದೆ, ಜಾಗ ಹಿಡಿಯುತ್ತದೆ, ಆದರೆ ಎಥಿಲೀನ್ ಬಿಡುವುದು ತೀರಾ ಕಡಿಮೆ. ದಿನಕ್ಕೆರಡು ಸಲ ಗಾಳಿಯಾಡಿಸಿ, ಆದರೆ ಕತ್ತಲೆಯಲ್ಲಿ ಮಾತ್ರ. ಲೈಟ್ ಹಾಕಿ ಇಣುಕಿದರೆ ಪ್ರಯೋಗ ಕೆಟ್ಟಿತು ಅಂತಲೇ ಲೆಕ್ಕ.

ಸುಮಾ_ಬಾಲ್ಕನಿ

ಮಾಡುತ್ತೇನೆ. ಅತ್ತೆಗೂ ಕುತೂಹಲ ಬಂದಿದೆ. ಆದರೆ ಆ ಕೊಕ್ಕೆ? ಅದು ಎರಡು ಪಾತ್ರೆಯಲ್ಲೂ ಇತ್ತಲ್ಲ?

ಹಳೇಮೇಷ್ಟ್ರು

ಕೊಕ್ಕೆ ಅದರ ಹುಟ್ಟುಗುಣ. ಹೆಸರು, ಅಲಸಂದೆ, ಅವರೆ, ಹುರುಳಿ ಇವೆಲ್ಲ ಬೇಳೆಯನ್ನು ಹೊತ್ತುಕೊಂಡೇ ಮೇಲೆ ಬರುತ್ತವೆ. ಎಳೆ ಚಿಗುರನ್ನು ಮುಂದಿಟ್ಟು ಮಣ್ಣಿಗೆ ನುಗ್ಗಿದರೆ ತರಚಿಹೋಗುತ್ತದೆ. ಅದಕ್ಕೇ ಕುತ್ತಿಗೆ ಬಗ್ಗಿಸಿ ಬೆನ್ನಿನಿಂದ ಮಣ್ಣು ಸೀಳಿ, ತಲೆಯನ್ನು ಹಿಂದಿನಿಂದ ಎಳೆದುಕೊಂಡು ಬರುತ್ತವೆ. ಕಿರಿದಾದ ಬಾಗಿಲಲ್ಲಿ ದೊಡ್ಡ ಚೀಲ ಹೊತ್ತವರು ಬೆನ್ನು ತಿರುಗಿಸಿ ಹೋಗುವುದಿಲ್ಲವೇ, ಹಾಗೆ. ಜೋಳ, ರಾಗಿ, ಭತ್ತಕ್ಕೆ ಕೊಕ್ಕೆ ಇಲ್ಲ. ಅವು ಚಿಗುರಿಗೆ ಸೂಜಿಯಂಥ ಒಂದು ಒರೆ ತೊಡಿಸಿ ನೇರ ಚುಚ್ಚಿಕೊಂಡು ಬರುತ್ತವೆ.

ಬಾಗುವುದಕ್ಕೆ ಕಾರಣ ಆಕ್ಸಿನ್ ಅನ್ನುವ ಬೆಳವಣಿಗೆಯ ಹಾರ್ಮೋನ್. ಕೊಕ್ಕೆಯ ಒಳಬದಿಯಲ್ಲಿ ಆಕ್ಸಿನ್ ಜಾಸ್ತಿ ಸೇರುತ್ತದೆ. ಆ ಬದಿಯ ಬೆಳವಣಿಗೆ ನಿಧಾನವಾಗುತ್ತದೆ. ಹೊರಬದಿ ಮುಂದೆ ಓಡುತ್ತದೆ. ಹಾಗಾಗಿ ಬಾಗು.

ಟ್ರೇನರ್ಸರಿ (ಚಿಂತಾಮಣಿ)

ಒಂದು ನಿಮಿಷ ಸರ್. ನಾವು ಕಾಲೇಜಲ್ಲಿ ಓದಿದ್ದು ಉಲ್ಟಾ. ಕಿಟಕಿ ಹತ್ತಿರ ಇಟ್ಟ ಗಿಡದಲ್ಲಿ ನೆರಳಿನ ಬದಿಗೆ ಆಕ್ಸಿನ್ ಹೋಗುತ್ತದೆ, ಆ ಬದಿ *ಜಾಸ್ತಿ* ಬೆಳೆಯುತ್ತದೆ, ಅದಕ್ಕೇ ಗಿಡ ಬೆಳಕಿನ ಕಡೆ ಬಾಗುತ್ತದೆ ಅಂತ. ಡಾರ್ವಿನ್ ಹುಲ್ಲಿನ ಮೊಳಕೆಯ ತುದಿಗೆ ಟೋಪಿ ಹಾಕಿದ್ದು, ಆಮೇಲೆ 1926ರ ಹೊತ್ತಿಗೆ ವೆಂಟ್ ಅನ್ನುವ ವಿಜ್ಞಾನಿ ಓಟ್ಸ್ ಮೊಳಕೆಯ ತುದಿಯನ್ನು ಅಗರ್ ಅನ್ನುವ ಜೆಲ್ಲಿಯ ಮೇಲಿಟ್ಟು ಆ ರಸ ಇಳಿಸಿದ್ದು, ಎಲ್ಲ ಪರೀಕ್ಷೆಗೆ ಉರು ಹೊಡೆದಿದ್ದೆ. ಆಕ್ಸಿನ್ ಬೆಳೆಸುತ್ತದೋ, ತಡೆಯುತ್ತದೋ?

ಹಳೇಮೇಷ್ಟ್ರು

ಎರಡೂ! ಇದೇ ಪ್ರಶ್ನೆಯನ್ನು ಮಕ್ಕಳು ಕೇಳಲಿ ಅಂತ ವರ್ಷವಿಡೀ ಕಾಯುತ್ತಿದ್ದೆ, ಕೇಳುತ್ತಿದ್ದವರು ಕಡಿಮೆ. ಎಷ್ಟು ಇದೆ, ಎಲ್ಲಿ ಇದೆ ಅನ್ನುವುದು ಮುಖ್ಯ. ಕಾಂಡಕ್ಕೆ ಹಿತವಾಗುವಷ್ಟು ಆಕ್ಸಿನ್ ಬೇರಿಗೆ ಅತಿಯಾಗುತ್ತದೆ. ಗಿಡವನ್ನು ಅಡ್ಡ ಮಲಗಿಸಿ ನೋಡಿ. ಕಾಂಡದಲ್ಲೂ ಬೇರಿನಲ್ಲೂ ಆಕ್ಸಿನ್ ಕೆಳಬದಿಗೇ ಸರಿಯುತ್ತದೆ. ಕಾಂಡದಲ್ಲಿ ಕೆಳಬದಿ ಹೆಚ್ಚು ಬೆಳೆದು ಅದು ಮೇಲಕ್ಕೇಳುತ್ತದೆ. ಬೇರಿನಲ್ಲಿ ಕೆಳಬದಿ ಕುಂಟಿ ಅದು ಕೆಳಕ್ಕಿಳಿಯುತ್ತದೆ. ಕೊಕ್ಕೆಯ ಒಳಬದಿ ಕಾಂಡದ್ದೇ ಭಾಗವಾದರೂ ಅಲ್ಲಿ ಬೇರಿನ ಹಾಗೆ ವರ್ತಿಸುತ್ತದೆ.

ಬೇರುಬಿಳಲು

ಇನ್ನೂ ಒಂದು ಗಂಟು ಇದೆ. ಆಕ್ಸಿನ್ ಹೆಚ್ಚಾದರೆ ಗಿಡ ಎಥಿಲೀನ್ ಹೆಚ್ಚು ಮಾಡುತ್ತದೆ. ಎಥಿಲೀನ್ ಹೆಚ್ಚಾದರೆ ಬೇರಿನ ತುದಿಯಲ್ಲಿ ಆಕ್ಸಿನ್ ಹೆಚ್ಚು ತಯಾರಾಗುತ್ತದೆ. ಎಥಿಲೀನ್ ಬೇರನ್ನು ಗಿಡ್ಡ ಮಾಡುವುದು ಬಹುಪಾಲು ಆಕ್ಸಿನ್ ಕೈಯಿಂದಲೇ ಅಂತ 2007ರಲ್ಲಿ ಬೇರೆಬೇರೆ ತಂಡಗಳು ತೋರಿಸಿದವು. ಅಂದರೆ ಯಾರು ಯಜಮಾನ, ಯಾರು ಆಳು ಅಂತ ಕೇಳುವ ಹಾಗೇ ಇಲ್ಲ. "ಒಂದು ಹಾರ್ಮೋನ್, ಒಂದು ಕೆಲಸ" ಅನ್ನುವ ಪಟ್ಟಿಯಿಂದ ಈ ವಿಷಯ ಕಲಿಯಲು ಹೋದರೆ ದಾರಿ ತಪ್ಪುತ್ತದೆ. ನಾನೂ ತಪ್ಪಿದ್ದೆ.

ಟ್ರೇನರ್ಸರಿ

ಹಾಗಾದರೆ ನನ್ನ ಕಷ್ಟಕ್ಕೆ ಬರುತ್ತೇನೆ. ನರ್ಸರಿಯಲ್ಲಿ ಟೊಮ್ಯಾಟೊ ಸಸಿ ಬೆಳೆಸುತ್ತೇವೆ. ಮೋಡ ಮುಸುಕಿದ ವಾರದಲ್ಲಿ ಟ್ರೇ ತುಂಬ ಸಸಿ ಸಣಕಲಾಗಿ ಎದ್ದು ಬಗ್ಗಿಕೊಳ್ಳುತ್ತವೆ. ಎರಡು ವರ್ಷದ ಹಿಂದೆ ಒಬ್ಬ ಅಂಗಡಿಯವರು "ಜಿಎ ಹೊಡೀರಿ, ಸಸಿ ಚುರುಕಾಗುತ್ತೆ" ಅಂದರು. ಜಿಎ ಅಂದರೆ ಜಿಬ್ಬರೆಲಿನ್, ಬೆಳವಣಿಗೆಯ ಹಾರ್ಮೋನ್. ನಮ್ಮ ಕಡೆ ದ್ರಾಕ್ಷಿಗೆ ಜಿಎ ಬಳಸುವುದು ಎಲ್ಲರಿಗೂ ಗೊತ್ತು, ಗೊನೆಗಳನ್ನು ಅದರಲ್ಲಿ ಅದ್ದುತ್ತಾರೆ. ಸರಿ ಅಂತ ಹೊಡೆದೆ. ನಾಲ್ಕೇ ದಿನ. ಸಸಿಗಳು ಬಿಳಿಚಿಕೊಂಡು ಎದ್ದು ನಿಂತವು, ಐದನೇ ದಿನ ನೀರು ಹಾಕಿದ ಕೂಡಲೇ ಎಲ್ಲ ಒಂದೇ ಕಡೆ ಮಲಗಿದವು. ಪೈರು ಮಳೆಗೆ ಒರಗಿದ ಹಾಗೆ. ಅರ್ಧ ನರ್ಸರಿ ತಿಪ್ಪೆಗೆ ಹೋಯಿತು.

ಸಾಗರದವಳು (ಶಿವಮೊಗ್ಗ ಜಿಲ್ಲೆ)

ಅಯ್ಯೋ ಪಾಪ. ಅಣ್ಣ, ನಿಮ್ಮ ಸಸಿಗೆ ಆದದ್ದು ಭತ್ತದಲ್ಲಿ ಒಂದು ರೋಗ. ನಮ್ಮ ಸಸಿಮಡಿಯಲ್ಲಿ ಒಮ್ಮೊಮ್ಮೆ ಒಂದೆರಡು ಸಸಿ ಮಿಕ್ಕವಕ್ಕಿಂತ ಗೇಣುದ್ದ ಮೇಲೆದ್ದು, ಹಳದಿಯಾಗಿ ನಿಂತಿರುತ್ತವೆ. ಚಿಕ್ಕವಳಿದ್ದಾಗ ಅದೇ ಒಳ್ಳೆ ಸಸಿ ಅಂತ ಕಿತ್ತು ಅಪ್ಪನಿಗೆ ತೋರಿಸಿ ಬೈಸಿಕೊಂಡಿದ್ದೆ. ಜಪಾನಿನವರು ಅದಕ್ಕೆ "ಬಕಾನೆ" ಅನ್ನುತ್ತಾರೆ, ಅಂದರೆ ಪೆದ್ದು ಸಸಿ.

ಹಳೇಮೇಷ್ಟ್ರು

ಸರಿಯಾಗಿ ಹೇಳಿದಿರಿ. ಜಿಬ್ಬರೆಲಿನ್ ಸಿಕ್ಕಿದ್ದೇ ಆ ಪೆದ್ದು ಸಸಿಯಿಂದ. ಜಪಾನಿನ ವಿಜ್ಞಾನಿ ಕುರೊಸಾವಾ ತೈವಾನಿನಲ್ಲಿದ್ದಾಗ ಆ ರೋಗದ ಶಿಲೀಂಧ್ರವನ್ನು ಬೆಳೆಸಿ, ಶಿಲೀಂಧ್ರ ಸೋಸಿ ತೆಗೆದ ಬರೀ ರಸವನ್ನು ಆರೋಗ್ಯದ ಸಸಿಗೆ ಕೊಟ್ಟ. ಅವೂ ಉದ್ದುದ್ದ ಬೆಳೆದವು. ಅದು 1926. ಯಾಬುಟಾ ಅನ್ನುವ ಇನ್ನೊಬ್ಬ ವಿಜ್ಞಾನಿ 1935ರಲ್ಲಿ ಆ ವಸ್ತುವಿಗೆ ಜಿಬ್ಬರೆಲಿನ್ ಅಂತ ಹೆಸರಿಟ್ಟ. ಗಿಡ ತನ್ನೊಳಗೇ ಇದನ್ನು ಮಾಡಿಕೊಳ್ಳುತ್ತದೆ ಅಂತ ಗೊತ್ತಾದದ್ದು ಆಮೇಲೆ.

ಬೇರುಬಿಳಲು

ಮೋಡದ ವಾರದಲ್ಲಿ ನಿಮ್ಮ ಸಸಿಯೊಳಗೆ ಆಗುವುದು ಇಷ್ಟು. ಪಿಫ್ ಅನ್ನುವ ಪ್ರೋಟೀನುಗಳಿವೆ. ಇವು "ಉದ್ದ ಬೆಳೆ, ಉದ್ದ ಬೆಳೆ" ಅನ್ನುವ ಗುಂಪು. ಬೆಳಕು ಬಿದ್ದರೆ ನಿಮಿಷಗಳಲ್ಲಿ ಒಡೆದುಹೋಗುತ್ತವೆ. ಕತ್ತಲೆಯಲ್ಲಿ, ಒತ್ತೊತ್ತಾದ ನೆರಳಿನಲ್ಲಿ ಉಳಿದುಕೊಳ್ಳುತ್ತವೆ. ಇನ್ನೊಂದು ಕಡೆ ಡೆಲ್ಲಾ ಅನ್ನುವ ಪ್ರೋಟೀನುಗಳು. ಇವು ಪಿಫ್‌ಗಳನ್ನು ಅಪ್ಪಿ ಹಿಡಿದುಕೊಂಡು ಕೆಲಸ ಮಾಡಲು ಬಿಡುವುದಿಲ್ಲ. ಜಿಬ್ಬರೆಲಿನ್ ಬಂದರೆ ಡೆಲ್ಲಾಗಳೇ ನಾಶ. ಆಗ ಪಿಫ್‌ಗೆ ಲಗಾಮು ತಪ್ಪುತ್ತದೆ. ಬ್ರಾಸಿನೊಸ್ಟೀರಾಯ್ಡ್ ಅನ್ನುವ ಇನ್ನೊಂದು ಹಾರ್ಮೋನೂ ಇದೇ ಪಿಫ್ ಜೊತೆ ಕೈಜೋಡಿಸುತ್ತದೆ. ಅದನ್ನು ಮಾಡಿಕೊಳ್ಳಲು ಬಾರದ ಸಸಿ ಕತ್ತಲೆಯಲ್ಲೂ ಗಿಡ್ಡವಾಗಿ, ಎಲೆ ಬಿಚ್ಚಿಕೊಂಡು, ಬೆಳಕಿನಲ್ಲಿದೆ ಅಂತ ಭ್ರಮಿಸಿದ ಹಾಗೆ ಬೆಳೆಯುತ್ತದೆ.

ನಿಮ್ಮ ಸಸಿ ಮೊದಲೇ ಬೆಳಕು ಸಾಲದೆ ಉದ್ದಕ್ಕೆ ಓಡುತ್ತಿತ್ತು. ನೀವು ಜಿಎ ಹೊಡೆದು ಇದ್ದ ಬ್ರೇಕನ್ನೂ ಕಿತ್ತಿರಿ.

ಟ್ರೇನರ್ಸರಿ

ಈಗ ನಮ್ಮಲ್ಲಿ ಕೆಲಸದ ಹೆಣ್ಣುಮಕ್ಕಳು ದಿನಕ್ಕೆರಡು ಹೊತ್ತು ಒಂದು ಪೈಪನ್ನು ಸಸಿಗಳ ತಲೆ ಸವರಿಕೊಂಡು ಹೋಗುವಂತೆ ಎಳೆಯುತ್ತಾರೆ. ಯಾರೋ ಹೇಳಿದರು, ಮಾಡಿದೆವು. ಸಸಿ ಗಟ್ಟಿಯಾಗಿ ಬರುತ್ತಿವೆ. ಇದು ಸುಮ್ನೆ ನಂಬಿಕೆಯೋ, ನಿಜವೋ?

ಬೇರುಬಿಳಲು

ನಿಜ. ಮುಟ್ಟಿದರೆ ಸಸಿ ತನ್ನ ಜಿಬ್ಬರೆಲಿನ್ನನ್ನು ತಾನೇ ಒಡೆದುಹಾಕುತ್ತದೆ. ಜಾಸ್ಮೊನೇಟ್ ಅನ್ನುವ ಹಾರ್ಮೋನೂ ಏರುತ್ತದೆ. ಗಾಳಿಗೆ ಒಡ್ಡಿದ ಗಿಡ ಗಿಡ್ಡವಾಗಿ ಗಟ್ಟಿಯಾಗುವುದೂ ಹೀಗೇ. ನೀವು ಕೊಟ್ಟ ಜಿಎಗೆ ಸರಿಯಾದ ಪ್ರತಿಮದ್ದು ನಿಮ್ಮ ಪೈಪು! ಆದರೆ ಎಲೆ ಒದ್ದೆ ಇರುವಾಗ ಎಳೆಯಬೇಡಿ, ರೋಗ ಹರಡುತ್ತದೆ.

ಕೂರಿಗೆ

ಡೆಲ್ಲಾ ಅಂದ್ರಲ್ಲ, ಗಿಡ್ಡ ಗೋಧಿಗೂ ಅದಕ್ಕೂ ಏನೋ ಸಂಬಂಧ ಅಂತ ಕೃಷಿ ಮೇಳದಾಗ ಕೇಳಿದ್ದೆ. ನಮ್ಮ ಕಡೆ ಹಿಂಗಾರಿಗೆ ಎರೆ ಹೊಲದಾಗ ಗೋಧಿ ಬಿತ್ತುತ್ತೇವೆ. ಮೇಲಿನ ಮಣ್ಣು ಒಣಗಿರುತ್ತದೆ, ಹಸಿ ಕೆಳಗೆ ಇರುತ್ತದೆ. ನಮ್ಮ ಅಜ್ಜ ಹಸಿ ಸಿಗುವ ತನಕ ಕೂರಿಗೆ ಆಳಕ್ಕೆ ಇಳಿಸುತ್ತಿದ್ದ. ಹಳೆಯ ಎತ್ತರದ ಗೋಧಿ ಹೆಂಗಿದ್ದರೂ ಮೇಲೆ ಬರುತ್ತಿತ್ತು. ಒಂದು ವರ್ಷ ಗಿಡ್ಡ ತಳಿ ತಂದು ಅಷ್ಟೇ ಆಳಕ್ಕೆ ಬಿತ್ತಿದ್ದೆ. ಸಾಲಿನಾಗ ಅರ್ಧಕ್ಕರ್ಧ ಖಾಲಿ. ಬೀಜ ಕೊಟ್ಟವರ ಜೊತೆ ಜಗಳಾನೂ ಆಯಿತು. ಕೆದರಿ ನೋಡಿದರೆ ಬೀಜ ಮೊಳೆತಿತ್ತು. ಆ ಸೂಜಿ ಒರೆ ಮಣ್ಣಿನ ಒಳಗೇ ಮುಗಿದು, ಎಲೆ ಅಲ್ಲೇ ಬಿಚ್ಚಿಕೊಂಡು ಹಿಸುಕಿದ ಕಾಗದದ ಹಾಗೆ ಮಡಚಿ ಬಿದ್ದಿತ್ತು.

ಹಳೇಮೇಷ್ಟ್ರು

ಆಹಾ, ಕೆದರಿ ನೋಡಿದಿರಲ್ಲ! ಬೀಜದ್ದು ತಪ್ಪಲ್ಲ, ಆಳದ್ದು. ಹಸಿರು ಕ್ರಾಂತಿಯ ಗಿಡ್ಡ ಗೋಧಿಗೆ ಆ ಗುಣ ಬಂದದ್ದು ಜಪಾನಿನ ನೋರಿನ್ 10 ತಳಿಯಿಂದ. ಅದರ ಡೆಲ್ಲಾ ಹೇಗೆ ಕೆಟ್ಟಿದೆ ಅಂದರೆ, ಜಿಬ್ಬರೆಲಿನ್ ಬಂದು ಕರೆದರೂ ಜಗ್ಗುವುದಿಲ್ಲ. ಇದು ಗೊತ್ತಾದದ್ದು 1999ರಲ್ಲಿ. ಗಿಡ ಗಿಡ್ಡವಾಯಿತು, ಗೊಬ್ಬರ ಹಾಕಿದರೂ ಒರಗಲಿಲ್ಲ, ಇಳುವರಿ ಏರಿತು. ಆದರೆ ಡೆಲ್ಲಾ ದೊಡ್ಡ ಗಿಡದಲ್ಲಿ ಮಾತ್ರ ಕೂತಿರುವುದಿಲ್ಲವಲ್ಲ, ಮೊಳಕೆಯಲ್ಲೂ ಇದೆ. ಆ ಒರೆಯೂ ಗಿಡ್ಡವಾಯಿತು.

ಐಆರ್ 8 ಭತ್ತದ ಗಿಡ್ಡತನ ಬೇರೆ. ಅಲ್ಲಿ ಜಿಬ್ಬರೆಲಿನ್ ತಯಾರಿಯೇ ಕಡಿಮೆ, ಹೊರಗಿನಿಂದ ಕೊಟ್ಟರೆ ಉದ್ದವಾಗುತ್ತದೆ.

ಬೇರುಬಿಳಲು

ಆಸ್ಟ್ರೇಲಿಯಾದ ಒಣ ಬೇಸಾಯದವರಿಗೂ ಕೂರಿಗೆ ಅಣ್ಣನದೇ ತಾಪತ್ರಯ. ಅಲ್ಲಿ ಈಗ ಬೇರೆ ಗಿಡ್ಡ ಜೀನ್ ಹಾಕಿ, ಗಿಡ ಗಿಡ್ಡ ಆದರೆ ಒರೆ ಉದ್ದ ಇರುವ ಗೋಧಿ ಮಾಡುತ್ತಿದ್ದಾರೆ.

ಚಳ್ಳಕೆರೆಶೇಂಗಾ

ನಿಮ್ಮದು ಮೇಲೆ ಬರಲ್ಲ ಅಂತ ಗೋಳು, ನಮ್ಮದು ಬೇಡ ಅಂದರೂ ಮೊಳೆಯುತ್ತದೆ ಅಂತ ಗೋಳು. ಶೇಂಗಾ ಕೀಳುವ ಹೊತ್ತಿಗೆ ಮಳೆ ಹಿಡಿದರೆ ಮುಗೀತು. ಹೊಲದಲ್ಲೇ ಕಾಯಿ ಒಳಗೆ ಮೊಳಕೆ. ನಾವು ಬೆಳೆಯುವುದು ಟಿಎಂವಿ-2 ಅನ್ನುವ ಗೊಂಚಲು ತಳಿ. ಸುಲಿದರೆ ಬಿಳಿ ಬಾಲ ಇಣುಕುತ್ತಿರುತ್ತದೆ. ವ್ಯಾಪಾರಿ ಅದನ್ನು ಮುಟ್ಟುವುದೂ ಇಲ್ಲ.

ಹಳೇಮೇಷ್ಟ್ರು

ಅದು ಗೊಂಚಲು ಶೇಂಗಾದ ಜಾತಿಗುಣ ಕಣಪ್ಪ. ಅದರ ಬೀಜಕ್ಕೆ ನಿದ್ದೆ ಇಲ್ಲ. ಬೀಜವನ್ನು ಮಲಗಿಸುವುದು ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನ್, ಎಬ್ಬಿಸುವುದು ಜಿಬ್ಬರೆಲಿನ್. ಇಬ್ಬರ ತಕ್ಕಡಿ ಯಾವ ಕಡೆ ವಾಲಿದೆ ಅನ್ನುವುದರ ಮೇಲೆ ಮೊಳಕೆ. ಹಬ್ಬುವ ಶೇಂಗಾಕ್ಕೆ ನಿದ್ದೆ ಉಂಟು. ಅದನ್ನು ಬೇಗ ಬಿತ್ತಬೇಕಾದರೆ ಉಲ್ಟಾ ಕಷ್ಟ, ಎಥಿಲೀನ್ ಕೊಟ್ಟು ಎಬ್ಬಿಸಬೇಕು. ನೋಡಿ, ಹೆಸರಿನ ಮೊಳಕೆಗೆ "ನಿಧಾನ" ಅಂದ ಎಥಿಲೀನೇ ಶೇಂಗಾ ಬೀಜಕ್ಕೆ "ಏಳು" ಅನ್ನುತ್ತದೆ.

ಸಾಗರದವಳು

ಮೇಷ್ಟ್ರೇ, ರಾಗಿ ಮೊಳಕೆ ಕಟ್ಟಿ ಒಣಗಿಸಿ ಹುರಿದು ಮಗುವಿಗೆ ಸರಿ ಹಿಟ್ಟು ಮಾಡುತ್ತೇವಲ್ಲ, ಅದು ಸಿಹಿಯಾಗುವುದೂ ಈ ಜಿಬ್ಬರೆಲಿನ್‌ನಿಂದಲೇ?

ಹಳೇಮೇಷ್ಟ್ರು

ಬಾರ್ಲಿಯಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಕಾಳನ್ನು ಅಡ್ಡ ಕತ್ತರಿಸಿ ಭ್ರೂಣವಿಲ್ಲದ ಅರ್ಧವನ್ನು ನೆನೆಸಿದರೆ ಅದು ಸುಮ್ಮನೆ ಇರುತ್ತದೆ. ಒಂದಿಷ್ಟು ಜಿಬ್ಬರೆಲಿನ್ ಹಾಕಿದರೆ ಹಿಟ್ಟು ಕರಗಿ ಸಕ್ಕರೆಯಾಗುತ್ತದೆ. 1960ರಲ್ಲಿ ಜಪಾನಿನ ಯೋಮೊ, ಆಸ್ಟ್ರೇಲಿಯಾದ ಪಾಲೆಗ್ ಬೇರೆಬೇರೆಯಾಗಿ ಇದನ್ನು ತೋರಿಸಿದರು. ಭ್ರೂಣ ಜಿಬ್ಬರೆಲಿನ್ ಕಳಿಸಿ "ಊಟ ಬಡಿಸಿ" ಅನ್ನುತ್ತದೆ, ಸಿಪ್ಪೆಯ ಒಳಪದರ ಹಿಟ್ಟನ್ನು ಸಕ್ಕರೆಯಾಗಿ ಒಡೆಯುವ ಅಮೈಲೇಸ್ ಅನ್ನುವ ಕಿಣ್ವ ಬಿಡುತ್ತದೆ. ಅಬ್ಸಿಸಿಕ್ ಆಮ್ಲ ಇದ್ದರೆ "ಇನ್ನೂ ಬೇಡ". ರಾಗಿಯಲ್ಲೂ ಮೊಳೆತಾಗ ಅಮೈಲೇಸ್ ಏರುತ್ತದೆ. ಸರಿ ಗಂಟಾಗದೆ ತೆಳುವಾಗುವುದು ಅದರಿಂದಲೇ.

ಬೇರುಬಿಳಲು

ಎಥಿಲೀನ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಟ್ರ್ಯಾಕ್ಟರ್ ಓಡಿ ಗಟ್ಟಿಯಾದ ಮಣ್ಣಿನಲ್ಲಿ ಬೇರು ಇಳಿಯುವುದಿಲ್ಲ. ಮಣ್ಣು ಗಟ್ಟಿ, ಅದಕ್ಕೇ ತೂರಲಾಗುವುದಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. 2021ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಬಿಪಿನ್ ಪಾಂಡೆ ಮತ್ತು ಸಂಗಡಿಗರು ಬೇರೆಯದನ್ನೇ ತೋರಿಸಿದರು. ಸಡಿಲ ಮಣ್ಣಿನಲ್ಲಿ ಬೇರು ಬಿಟ್ಟ ಎಥಿಲೀನ್ ಸಂದುಗಳಿಂದ ಹರಡಿಹೋಗುತ್ತದೆ. ಗಟ್ಟಿ ಮಣ್ಣಿನಲ್ಲಿ ಸಂದು ಇಲ್ಲ. ಅನಿಲ ಬೇರಿನ ಸುತ್ತಲೇ ಕಟ್ಟಿಕೊಂಡು "ನಿಲ್ಲು" ಅನ್ನುತ್ತದೆ. ಎಥಿಲೀನ್ ಮಾತು ಕೇಳಿಸದ ತಳಿಯ ಬೇರುಗಳು ಅದೇ ಗಟ್ಟಿ ಮಣ್ಣಿನಲ್ಲಿ ಆರಾಮವಾಗಿ ಇಳಿದವು! ಕೂರಿಗೆ ಅಣ್ಣ ಕೇಳಿದ "ಒತ್ತಡವೋ ಅನಿಲವೋ" ಪ್ರಶ್ನೆಯೇ ಇದು.

ಕೂರಿಗೆ

ಅಂದ್ರ ನಾನೂ ವಿಜ್ಞಾನಿ ಆದೆ ಬಿಡ್ರಿ. ಅಕ್ಕಾರ, ಬಾಳೆಹಣ್ಣು ಏನಾಯಿತು?

ಸುಮಾ_ಬಾಲ್ಕನಿ

ಇವತ್ತು ತೆಗೆದೆವು. ಮೂರೂವರೆ ದಿನ ಆಗಿತ್ತು. ಪ್ರತಿ ಡಬ್ಬಿಯಿಂದ ಹತ್ತತ್ತು ಮೊಳಕೆ ಎತ್ತಿ ಮಗಳ ಸ್ಕೇಲಿನಲ್ಲಿ ಅಳೆದೆ. ಬೇರು ಬಿಟ್ಟು ಬಿಳಿ ಕಾಂಡ ಮಾತ್ರ.

ಖಾಲಿ ಡಬ್ಬಿ: ಹೆಚ್ಚಿನವು 5ರಿಂದ 6 ಸೆಂಟಿಮೀಟರ್. ಹಸಿ ಬಾಳೆಕಾಯಿ: ಹೆಚ್ಚು ಕಡಿಮೆ ಅಷ್ಟೇ, ಒಂದೆರಡು ಗಿಡ್ಡ. ಬಾಳೆಹಣ್ಣು: 2 ಸೆಂಟಿಮೀಟರ್ ದಾಟಿದ್ದು ಮೂರೇ ಮೂರು. ಎಲ್ಲವೂ ದಪ್ಪ. ಕೊಕ್ಕೆ ಎಷ್ಟು ಬಿಗಿ ಅಂದರೆ ಬೇಳೆ ಕಾಂಡಕ್ಕೆ ತಗುಲುವಷ್ಟು ಸುತ್ತಿಕೊಂಡಿತ್ತು, ಕಿವಿಯ ಜುಮುಕಿಯ ಹಾಗೆ. ಬೇರೂ ಮೊಟಕು. ಮೇಲೆ ಭಾರ ಏನೂ ಇರಲಿಲ್ಲ, ಇನ್ನೂ ಜಾಗ ಇತ್ತು. ಹಣ್ಣಿನ ಡಬ್ಬಿಯಲ್ಲಿ ಒಂದು ಮೂಲೆಗೆ ಬೂಷ್ಟು ಬಂದಿದ್ದರಿಂದ ಆ ಕಡೆಯವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಬೇರುಬಿಳಲು

ಅಕ್ಕ, ಇದು ನನ್ನ ಮೊದಲ ವರ್ಷದ ಪ್ರಯೋಗಕ್ಕಿಂತ ಅಚ್ಚುಕಟ್ಟು. ಉಳಿದವನ್ನು ಎಸೆಯಬೇಡಿ, ಬೆಳಕಿಗಿಟ್ಟು ಎರಡು ಗಂಟೆಗೊಮ್ಮೆ ಕೊಕ್ಕೆ ಬಿಚ್ಚುವುದನ್ನು ನೋಡಿ. ಇನ್ನೊಂದು ತಮಾಷೆ ಇದೆ. ನಾವು ಪ್ರಯೋಗಾಲಯದಲ್ಲಿ ಬಳಸುವ ಸಾಸಿವೆ ಜಾತಿಯ ಪುಟ್ಟ ಗಿಡ ಅರಾಬಿಡಾಪ್ಸಿಸ್. ಕತ್ತಲೆಯಲ್ಲಿ ಎಥಿಲೀನ್ ಕೊಟ್ಟರೆ ಅದರ ಕಾಂಡ ಗಿಡ್ಡ. ಬೆಳಕಿನಲ್ಲಿ ಕೊಟ್ಟರೆ ಕಾಂಡ *ಉದ್ದ*. ನಿಮ್ಮ ಹೆಸರು ಏನು ಮಾಡುತ್ತದೋ ನೋಡೋಣ.

ಸುಮಾ_ಬಾಲ್ಕನಿ

ಬೆಳಗ್ಗೆ ಕಿಟಕಿಗೆ ಇಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಖಾಲಿ ಡಬ್ಬಿಯವು ಕುತ್ತಿಗೆ ಎತ್ತತೊಡಗಿದ್ದವು. ಸಂಜೆಗೆ ಬೇಳೆ ಸ್ವಲ್ಪ ಹಸಿರು. ಬಾಳೆಹಣ್ಣಿನವು ಇನ್ನೂ ತಲೆ ತಗ್ಗಿಸಿಕೊಂಡೇ ಇವೆ.

ಬೆಳಕು ಮತ್ತು ಹಣ್ಣು ಒಟ್ಟಿಗೆ ಇಡುವ ಪ್ರಯೋಗಕ್ಕೆ ಗಾಜಿನ ಬಾಟಲಿ ಬೇಕು, ಉಪ್ಪಿನಕಾಯಿ ಬಾಟಲಿ ಖಾಲಿಯಾಗಲಿ ಅಂತ ಕಾಯುತ್ತಿದ್ದೇನೆ. ಅತ್ತೆ ಮಾತ್ರ ಆಗಲೇ ಹೊಸದಾಗಿ ಕಾಳು ನೆನೆಸಿ ಎರಡು ಪಾತ್ರೆಗೂ ಭಾರ ಹೇರಿದ್ದಾರೆ. ಎರಡನೆಯದಕ್ಕೆ ಇಡ್ಲಿ ಪಾತ್ರೆಯಂತೆ.